ಬರೀ ಪ್ರಶ್ನೆ ಕೇಳಿ ಹೋಗುತ್ತಾರಂತೆ!

ಓದುಗರ ಪತ್ರ: ‘ಗಂಡ ತೀರಿಕೊಂಡ ಮೇಲೆ ನನ್ನ ತಂಗಿಯ ಮನೆಗೆ ಒಬ್ಬ ಸಮಾಜ ಕಾರ್ಯಕರ್ತೆ ಬರುತ್ತಿದ್ದಾರೆ. ಪ್ರಶ್ನೆ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಬಿಡಿಗಾಸು ಕೊಟ್ಟಿಲ್ಲ. ಹೀಗೆ ಮಾಡು ಎಂದು ಹೇಳುವುದೂ ಇಲ್ಲ. ಏನು ನಡೀತಿದೆ ಎಂದು ನಾನು ಕೇಳಿದರೆ ನನಗೂ ಹೇಳುವುದಿಲ್ಲ. ಇವರ ಸಂಬಳವನ್ನೇ ಇಂಥ ಮನೆಗಳಿಗೆ ಹಂಚಬಾರದೇ?’

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿನ ಹಿಂದೆ ತಂಗಿಯ ಮೇಲಿನ ಪ್ರೀತಿ ಇದೆ. ದುಡ್ಡಿನ ಮಾತೂ ನಿಜವೇ. ಹಸಿದವರ ಎದುರು ಬರೀ ಮಾತಾಡುತ್ತ ಕೂರಬಾರದು. ಮೊದಲು ಊಟ, ಬಾಡಿಗೆ, ಔಷಧಿ. ಇಷ್ಟನ್ನು ಒಪ್ಪುತ್ತೇನೆ. ಆದರೆ ‘ಪ್ರಶ್ನೆ ಕೇಳಿ ಹೋಗುತ್ತಾರೆ’ ಎಂದಿರಲ್ಲ, ಅದನ್ನು ಮಾತ್ರ ಸುಮ್ನೆ ಬಿಡಲಾರೆ.

ಆ ಪ್ರಶ್ನೆಗಳೇ ಅವರ ಕೆಲಸ. ಮನೆಗೆ ಬರಬೇಕಾದ ಹಣ ಎಲ್ಲಿ ಸಿಕ್ಕಿಕೊಂಡಿದೆ? ಯಾವ ಕಾಗದ ಯಾರ ಹೆಸರಲ್ಲಿದೆ? ಸಾಲ ಎಷ್ಟು? ಮಗು ಶಾಲೆ ತಪ್ಪಿಸುತ್ತಿದೆಯೇ? ರಾತ್ರಿ ನಿದ್ದೆ ಬರುತ್ತದೆಯೇ? ಬದುಕೇ ಬೇಡ ಅನ್ನಿಸಿದೆಯೇ? ಈ ಕೊನೆಯ ಪ್ರಶ್ನೆಯನ್ನು ನೀವು ಕೇಳಿದ್ದೀರಾ? ನೆಂಟರು ಕೇಳುವುದಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಎಂದು ಹೆದರುತ್ತಾರೆ. ಕೇಳುವುದರಿಂದ ಹಾಗಾಗುವುದಿಲ್ಲ, ಎಷ್ಟೋ ಜನ ಆಗಲೇ ಮೊದಲ ಸಲ ಬಾಯಿ ಬಿಡುತ್ತಾರೆ.

ಇನ್ನು ಬರೆದುಕೊಳ್ಳುವ ವಿಷಯ. ಆ ಪುಸ್ತಕದಲ್ಲಿ ಒಂದು ಚಿತ್ರವೂ ಇದ್ದೀತು. ಅದಕ್ಕೆ ಇಕೋಮ್ಯಾಪ್ ಎನ್ನುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಸಮಾಜ ಕಾರ್ಯಕರ್ತೆ ಆನ್ ಹಾರ್ಟ್‌ಮನ್ ರೂಪಿಸಿದ್ದು. ನಡುವೆ ಮನೆ, ಸುತ್ತಲೂ ಶಾಲೆ, ಕೆಲಸ, ಆಸ್ಪತ್ರೆ, ಗೆಳೆಯರು, ನೆಂಟರು. ಗಟ್ಟಿ ನಂಟಿಗೆ ದಪ್ಪ ಗೆರೆ, ದುರ್ಬಲ ನಂಟಿಗೆ ತುಂಡು ಗೆರೆ. ಯಾರೂ ಇಲ್ಲ ನನಗೆ ಎನ್ನುತ್ತಿದ್ದ ವೃದ್ಧರೊಬ್ಬರ ಕತೆಯನ್ನು ನನ್ನ ಪರಿಚಯದ ಕಾರ್ಯಕರ್ತೆ ಹೇಳಿದ್ದರು. ಈ ಚಿತ್ರ ಬಿಡಿಸುವಾಗ ಅವರೇ ಪೆನ್ಸಿಲ್ ಇಸಕೊಂಡು, ಮಾತು ಬಿಟ್ಟಿದ್ದ ತಮ್ಮನ ಹೆಸರನ್ನು ಮೂಲೆಯಲ್ಲಿ ಬರೆದರಂತೆ. ಕೆಲವು ದಿನಗಳ ಮೇಲೆ ಆ ತಮ್ಮನಿಗೆ ಫೋನ್ ಹೋಯಿತು. ಇದಕ್ಕೆ ರಸೀದಿ ಎಲ್ಲಿಂದ ತರುವುದು?

‘ಹೀಗೆ ಮಾಡು ಎಂದು ಹೇಳುವುದಿಲ್ಲ’ ಎಂಬುದು ನಿಮ್ಮ ಇನ್ನೊಂದು ದೂರು. ಹೇಳುವ ಕಾಲವೂ ಇತ್ತು. 19ನೇ ಶತಮಾನದ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದ ದಾನಸಂಘಗಳ ಕಡೆಯವರು ಬಡವರ ಮನೆಗೆ ಹೋಗಿ, ಇವರು ಸಹಾಯಕ್ಕೆ ಯೋಗ್ಯರೋ ಅಲ್ಲವೋ ಎಂದು ತೂಗಿ, ಬುದ್ಧಿ ಹೇಳಿ ಬರುತ್ತಿದ್ದರು. ನಿಮ್ಮ ಸಿಟ್ಟು ಅವರ ಮೇಲಾಗಿದ್ದರೆ ನಾನೂ ಜೊತೆಗಿರುತ್ತಿದ್ದೆ. ಆದರೆ ಅದೇ ಕಾಲದಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. ಅಮೆರಿಕದ ಜೇನ್ ಆಡಮ್ಸ್ 1889ರಲ್ಲಿ ಶಿಕಾಗೋದ ಬಡ ವಲಸಿಗರ ನಡುವೆಯೇ ಹಲ್ ಹೌಸ್ ಎಂಬ ನೆರವಿನ ಮನೆ ತೆರೆದು ಅಲ್ಲೇ ವಾಸಕ್ಕೆ ಹೋದರು. ಮುಂದೆ 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ದಾನಸಂಘದ ಒಳಗೇ ಬೆಳೆದ ಮೇರಿ ರಿಚ್ಮಂಡ್, ತೀರ್ಮಾನಕ್ಕೆ ಮುಂಚೆ ಒಂದು ಮನೆಯ ಕಷ್ಟವನ್ನು ಹೇಗೆ ಅರಿಯಬೇಕೆಂದು 1917ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. 1957ರಲ್ಲಿ ಅಮೆರಿಕದ ಪಾದ್ರಿ, ಸಮಾಜಕಾರ್ಯದ ಮೇಷ್ಟ್ರು ಫೆಲಿಕ್ಸ್ ಬೀಸ್ಟೆಕ್ ಈ ಕೆಲಸಕ್ಕೆ ಏಳು ತತ್ವ ಬರೆದಿಟ್ಟರು. ಎದುರಿಗಿರುವವರನ್ನು ಅಳೆಯಬೇಡ, ಅವರ ತೀರ್ಮಾನ ಅವರದೇ, ಗುಟ್ಟು ಕಾಪಾಡು ಎಂಬುವು ಅದರಲ್ಲಿವೆ.

ಗುಟ್ಟಿನ ಮಾತು ಬಂತಲ್ಲ, ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕು. ಅಣ್ಣನಾದರೇನು, ತಂಗಿ ಒಪ್ಪದೆ ಆ ಕಾರ್ಯಕರ್ತೆ ನಿಮಗೆ ಯಾಕೆ ಹೇಳಬೇಕು? ಜೀವಕ್ಕೆ ಅಪಾಯ, ಮಗುವಿಗೆ ಹಿಂಸೆ ಇದ್ದರೆ ಮಾತು ಬೇರೆ. ಆಗ ಸುಮ್ಮನಿರುವಂತಿಲ್ಲ. ಒಳ್ಳೆಯ ಕಾರ್ಯಕರ್ತರು ಅದನ್ನು ಶುರುವಿನಲ್ಲೇ ತಿಳಿಸಿರುತ್ತಾರೆ. ಮಿಕ್ಕಿದ್ದೆಲ್ಲ ನಿಮ್ಮ ತಂಗಿಯ ಸ್ವತ್ತು. ಗಂಡನನ್ನು ಕಳೆದುಕೊಂಡವಳ ಪರವಾಗಿ ಸುತ್ತಲಿನವರೆಲ್ಲ ತೀರ್ಮಾನ ಮಾಡುತ್ತಿರುವಾಗ, ‘ನಿನಗೇನು ಅನ್ನಿಸುತ್ತದೆ?’ ಎಂದು ಕೇಳುವವರು ಒಬ್ಬರಾದರೂ ಇದ್ದಾರಲ್ಲ!

ನನ್ನ ಸಂಕಟ ಬೇರೆಯೇ ಇದೆ. ಚೀಲ ಹಂಚಿ ಫೋಟೋ ತೆಗೆಸಿಕೊಂಡವರಿಗೆ ಹಾರ ಬೀಳುತ್ತದೆ. ಮನೆಯಲ್ಲಿ ಮಗುವಿಗೆ ಅನಾಹುತವಾದರೆ ಕಾರ್ಯಕರ್ತೆ ಏನು ಮಾಡುತ್ತಿದ್ದಳು ಎಂದು ಎಲ್ಲರೂ ಕೇಳುತ್ತಾರೆ. ಅನಾಹುತ ಆಗದೇ ಉಳಿದ ಮನೆಗಳ ಬಗ್ಗೆ ಯಾರೂ ಕೇಳುವುದಿಲ್ಲ. ಒಬ್ಬ ಕಾರ್ಯಕರ್ತೆಯ ತಲೆಗೆ ಹೊರಲಾರದಷ್ಟು ಮನೆಗಳ ಹೊಣೆ ಕಟ್ಟುತ್ತಾರೆ. ಜೊತೆಗೆ ಫಾರಂ ಮೇಲೆ ಫಾರಂ. ಎಷ್ಟು ಮನೆಗೆ ಹೋದಿರಿ ಎಂಬ ಲೆಕ್ಕ ಕೇಳುತ್ತಾರೆಯೇ ಹೊರತು ಅಲ್ಲಿ ಎಷ್ಟು ಹೊತ್ತು ಕೂತಿರಿ ಎಂದು ಕೇಳುವುದಿಲ್ಲ. ದಣಿದವರು ಕೆಲಸ ಬಿಡುತ್ತಾರೆ. ಹೊಸಬರು ಬರುತ್ತಾರೆ. ಅದೇ ಸಾವು, ಅದೇ ಸಾಲವನ್ನು ಆ ಮನೆಯವರು ಮತ್ತೆ ಮೊದಲಿನಿಂದ ಹೇಳಬೇಕು. ಇದು ಕ್ರೌರ್ಯ ಅಲ್ವಾ?

ನಿಮ್ಮ ತಂಗಿಯ ಮನೆಗೆ ಇನ್ನೂ ಒಬ್ಬರೇ ಬರುತ್ತಿದ್ದಾರೆ. ಅವರ ಮೇಲಧಿಕಾರಿಗೆ ದೂರು ಬರೆಯುವ ಮನಸ್ಸಿದ್ದರೆ ಖಂಡಿತ ಬರೆಯಿರಿ. ಈ ಹೆಣ್ಣುಮಗಳನ್ನು ಬದಲಿಸಬೇಡಿ, ಆಕೆಯ ಮೇಲೆ ಹೊರಿಸಿರುವ ಮನೆಗಳನ್ನು ಕಡಿಮೆ ಮಾಡಿ ಎಂದು ಬರೆಯಿರಿ.