ಐದು ಮಂದಿ, ಐದು ಸುರಂಗ, ಒಂದು ಬಾಲ್ದಿ

ಪ್ರಶ್ನೆ: ಮಾನ್ಯರೇ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ವನ್‌ಗೆ ಸೇರಿದ್ದೇನೆ. ನಮ್ಮ ಐದು ಮಂದಿಯ ತಂಡವು ಪ್ರಾಜೆಕ್ಟಿಗಾಗಿ ‘ಕಾಸರಗೋಡಿನ ಸುರಂಗಗಳು’ ಎಂಬ ವಿಷಯವನ್ನು ಆಯ್ದುಕೊಂಡಿದೆ. ಪೀಠಿಕೆ, ಇತಿಹಾಸ, ಸಮೀಕ್ಷೆ, ವಿಶ್ಲೇಷಣೆ, ಉಪಸಂಹಾರ ಎಂದು ಅಧ್ಯಾಯಗಳನ್ನು ಒಬ್ಬೊಬ್ಬರಿಗೆ ಹಂಚಿಕೊಂಡೆವು. ತಿಂಗಳು ಕಳೆದರೂ ಇಬ್ಬರು ಒಂದು ಸಾಲನ್ನೂ ಬರೆದಿಲ್ಲ. ಉಳಿದವರು ಬರೆದದ್ದು ಒಂದಕ್ಕೊಂದು ಹೊಂದುತ್ತಿಲ್ಲ. ಎಲ್ಲವನ್ನೂ ನಾನೇ ಬರೆದು ಮುಗಿಸಬಹುದೇ?
(ಒಬ್ಬ ವಿದ್ಯಾರ್ಥಿನಿ, ಬಾಯಾರು)

ಉತ್ತರ: ಬೇಡ. ಆ ಇಬ್ಬರನ್ನು ದೂರುವ ಮೊದಲು ನೀವು ಕೆಲಸ ಹಂಚಿಕೊಂಡ ಕ್ರಮವನ್ನು ನೋಡಬೇಕು. ಉಳಿದ ನಾಲ್ವರು ಬರೆದು ಮುಗಿಸುವ ತನಕ ಉಪಸಂಹಾರದ ಹೊಣೆ ಹೊತ್ತವರಿಗೆ ಮಾಡಲು ಏನಿದೆ? ಅಂಕಿಗಳೇ ಕೈಗೆ ಬಾರದಿದ್ದರೆ ವಿಶ್ಲೇಷಣೆಯವರು ಏನನ್ನು ವಿಶ್ಲೇಷಿಸಬೇಕು? ಅವರನ್ನು ಸೋಮಾರಿಗಳೆನ್ನಲು ನನಗೆ ಮನಸ್ಸು ಬರುವುದಿಲ್ಲ. ಅಧ್ಯಾಯ ಹಂಚಿಕೊಂಡ ತಂಡಗಳು ಹೀಗೆ ಸೊರಗುವುದನ್ನು ಅಧ್ಯಾಪಕ ವೃತ್ತಿಯಲ್ಲಿ ಸಾಕಷ್ಟು ಕಂಡಿದ್ದೇನೆ.

ಎರಡನೆಯ ತೊಡಕು ನಿಮ್ಮ ವಿಷಯದಲ್ಲಿಯೇ ಇದೆ. ‘ಕಾಸರಗೋಡಿನ ಸುರಂಗಗಳು’ ಎಂಬುದು ಶೀರ್ಷಿಕೆಯಾದೀತೇ ಹೊರತು ಪ್ರಶ್ನೆಯಾಗದು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ನುಸುಳುವಷ್ಟು ಅಗಲದಲ್ಲಿ ಒಳಗೆ ಸಾಗಿ, ಒರತೆ ಸಿಕ್ಕಿದೊಡನೆ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿಯುವಂತೆ ಮಾಡುವ ಈ ಜಾಣ್ಮೆಯ ಬಗ್ಗೆ ಈಗಾಗಲೇ ಬಹಳಷ್ಟು ಬರೆಯಲಾಗಿದೆ. ಅದನ್ನೇ ಮತ್ತೆ ಬರೆದರೆ ಸಂಶೋಧನೆ ಎನಿಸುವುದಿಲ್ಲ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದರೂ ಬೇಸಿಗೆಯಲ್ಲಿ ನೀರಿಗೆ ತತ್ವಾರವಾಗುತ್ತದೆ. ಮುರಕಲ್ಲು ನೀರನ್ನು ಬೇಗನೆ ಕುಡಿಯುತ್ತದೆ, ಅಷ್ಟೇ ಬೇಗನೆ ಬಿಟ್ಟುಕೊಡುತ್ತದೆ. ಹಾಗಾದರೆ ತುಲಾಮಳೆ, ಅಂದರೆ ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆ, ನಿಂತ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯವರೆಗೆ, ನಿಮ್ಮ ನೆರೆಹೊರೆಯ ಐದು ಸುರಂಗಗಳ ನೀರು ವಾರದಿಂದ ವಾರಕ್ಕೆ ಎಷ್ಟೆಷ್ಟು ಇಳಿಯುತ್ತದೆ? ಪ್ರಶ್ನೆ ಇಷ್ಟು ಚಿಕ್ಕದಿದ್ದರೆ ಸಾಕು. ಮಾರ್ಚಿನಲ್ಲಿ ಪರೀಕ್ಷೆ ಇರುವುದರಿಂದ ಏಪ್ರಿಲ್, ಮೇ ತಿಂಗಳುಗಳನ್ನು ಈ ವರದಿಗೆ ಎಳೆದು ತರುವ ಆಸೆಯನ್ನು ಬಿಡಬೇಕು.

ಇನ್ನು ಅಧ್ಯಾಯಗಳ ಬದಲು ಅಳತೆಯನ್ನು ಹಂಚಿಕೊಳ್ಳಿ. ಹತ್ತು ಲೀಟರಿನ ಬಾಲ್ದಿಯೊಂದು, ಮೊಬೈಲಿನ ಸ್ಟಾಪ್‌ವಾಚು, ಒಂದು ನೋಟುಪುಸ್ತಕ ಇದ್ದರೆ ಸಾಕು. ಸುರಂಗದ ಬಾಯಿಯಲ್ಲಿ ನೀರು ಬೀಳುವೆಡೆ ಬಾಲ್ದಿ ಇಟ್ಟು ಅದು ತುಂಬಲು ಹಿಡಿದ ಸಮಯವನ್ನು ಮೂರು ಬಾರಿ ಅಳೆಯಬೇಕು. ಉದಾಹರಣೆಗೆ 38, 41, 41 ಸೆಕೆಂಡು ಬಂದರೆ ಸರಾಸರಿ 40. ಅಂದರೆ ನಿಮಿಷಕ್ಕೆ 15 ಲೀಟರು, ಗಂಟೆಗೆ 900 ಲೀಟರು, ಹರಿವು ಹಾಗೆಯೇ ಇದ್ದರೆ ದಿನಕ್ಕೆ 21,600 ಲೀಟರು. ಫೆಬ್ರವರಿಯಲ್ಲಿ ಹರಿವು ಎಳೆಯಷ್ಟಾದಾಗ ಬಾಲ್ದಿ ತುಂಬುವುದನ್ನು ಕಾಯುತ್ತ ಕೂರುವ ಬದಲು ಒಂದು ಲೀಟರಿನ ಪಾತ್ರೆಯನ್ನು ಬಳಸಬಹುದು, ಆದರೆ ಪಾತ್ರೆ ಬದಲಾದುದನ್ನು ನೋಟುಪುಸ್ತಕದಲ್ಲಿ ಬರೆದಿಡಬೇಕು.

ಬಾಲ್ದಿ ಹಿಡಿಯಲು ಒಬ್ಬರು, ಸಮಯ ನೋಡಲು ಒಬ್ಬರು ಎಂದರೆ ಒಂದು ಭೇಟಿಗೆ ಇಬ್ಬರು ಬೇಕು. ಐವರಿಂದ ಹತ್ತು ಬೇರೆ ಬೇರೆ ಜೋಡಿಗಳಾಗುತ್ತವೆ. ಪ್ರತಿ ವಾರ ಜೋಡಿಗಳನ್ನು ಬದಲಿಸುತ್ತ ಹೋದರೆ ಯಾವ ಸುರಂಗವೂ ಒಬ್ಬರದೇ ಸೊತ್ತಾಗುವುದಿಲ್ಲ, ಯಾವ ಅಂಕಿಯೂ ಒಬ್ಬರ ಕೈಯದೇ ಆಗುವುದಿಲ್ಲ. ಆರಂಭಿಸುವ ಮೊದಲು ಐವರೂ ಒಂದೇ ಸುರಂಗದ ಮುಂದೆ ಸೇರಿ, ಅದೇ ಬಾಲ್ದಿಯನ್ನು ಸರದಿಯಲ್ಲಿ ಅಳೆದು ನೋಡಿ. ಒಬ್ಬರು ಬಾಲ್ದಿಯ ಅಂಚಿನವರೆಗೆ ತುಂಬಿಸುತ್ತಾರೆ, ಇನ್ನೊಬ್ಬರು ಒಳಗಿನ ಗೆರೆಗೆ ನಿಲ್ಲಿಸುತ್ತಾರೆ. ಆ ವ್ಯತ್ಯಾಸವೇ ನೀವು ಹುಡುಕುತ್ತಿರುವ ಇಳಿಕೆಗಿಂತ ದೊಡ್ಡದಿರಬಹುದು. ಹೇಗೆ ಅಳೆಯಬೇಕೆಂಬ ನಿಯಮವನ್ನು ಅಲ್ಲಿಯೇ ನಿಂತು ಬರೆದುಕೊಳ್ಳಿ. ದಿನದ ಹೊತ್ತನ್ನೂ ನಿಗದಿಪಡಿಸಿಕೊಳ್ಳಿ, ಏಕೆಂದರೆ ತೋಟಕ್ಕೆ ನೀರು ಬಿಡುವ ಹೊತ್ತಿನಲ್ಲಿ ಮನೆಯವರು ಪೈಪು ತಿರುಗಿಸಿರುತ್ತಾರೆ.

ಹನ್ನೆರಡು ವಾರ, ಐದು ಸುರಂಗ, ಪ್ರತಿ ಬಾರಿ ಮೂರು ಅಳತೆ ಎಂದರೆ 180 ಅಂಕಿಗಳಾದವು. ಪ್ರತಿ ಅಂಕಿಯ ಪಕ್ಕದಲ್ಲಿ ದಿನಾಂಕ, ಹೊತ್ತು, ಅಳೆದ ಇಬ್ಬರ ಹೆಸರು ಇರಲಿ. ತಪ್ಪಿದ್ದನ್ನು ಅಳಿಸಬೇಡಿ, ಗೆರೆ ಹೊಡೆದು ಪಕ್ಕದಲ್ಲಿ ಬರೆಯಿರಿ. ಹಿಂದೊಮ್ಮೆ ಒಂದು ತಂಡದ ಪುಸ್ತಕದಲ್ಲಿ ಮೂರು ಅಳತೆಗಳೂ ಪ್ರತಿ ವಾರವೂ ಚಾಚೂ ತಪ್ಪದೆ ಒಂದೇ ಆಗಿದ್ದವು. ವಿಚಾರಿಸಿದಾಗ, ಒಬ್ಬ ಒಮ್ಮೆ ಅಳೆದದ್ದನ್ನು ಉಳಿದವರು ಮನೆಯಲ್ಲಿ ಕೂತು ನಕಲು ಮಾಡಿದ್ದು ತಿಳಿಯಿತು. ನಿಜವಾದ ಅಳತೆಗಳು ಸ್ವಲ್ಪ ಹೆಚ್ಚುಕಡಿಮೆ ಆಗಿಯೇ ಆಗುತ್ತವೆ.

ಇಷ್ಟಾದ ಮೇಲೆಯೂ ಒಬ್ಬರು ಬಾರದೆ ಉಳಿದರೆ ನೀವು ಚಾಡಿ ಹೇಳಬೇಕಾಗಿಲ್ಲ, ಆ ಪುಸ್ತಕದಲ್ಲಿ ಅವರ ಹೆಸರು ಇರುವುದಿಲ್ಲ ಅಷ್ಟೆ. ವರದಿಯ ಕೊನೆಯಲ್ಲಿ ಯಾರು ಏನು ಮಾಡಿದರೆಂಬ ಒಂದು ಪುಟವನ್ನು ಐವರೂ ಸಹಿ ಹಾಕಿ ಸೇರಿಸಿದರೆ ಮೌಲ್ಯಮಾಪನ ಮಾಡುವವರು ಉಳಿದುದನ್ನು ತಿಳಿದುಕೊಳ್ಳುತ್ತಾರೆ. ಬರವಣಿಗೆಯನ್ನು ಮಾತ್ರ ಭಾಷೆ ಚೆನ್ನಾಗಿರುವ ಒಬ್ಬರಿಗೆ ಒಪ್ಪಿಸಿ, ಉಳಿದ ನಾಲ್ವರು ತಿದ್ದುವುದು ಒಳ್ಳೆಯದು. ಐದು ಕೈಗಳ ಗದ್ಯವನ್ನು ಓದುವ ಶಿಕ್ಷೆ ಅಧ್ಯಾಪಕರಿಗೆ ಬೇಡ.

ಒಂದು ಎಚ್ಚರಿಕೆ: ಸುರಂಗದ ಒಳಗೆ ಹೋಗಬೇಡಿ. ತೋಡುವವರೇ ಉಸಿರಾಡುವ ಗಾಳಿ ಇದೆಯೇ ಎಂದು ತಿಳಿಯಲು ದೀಪ ಹಚ್ಚಿಟ್ಟುಕೊಳ್ಳುತ್ತಿದ್ದರು. ನಿಮ್ಮ ಪ್ರಶ್ನೆಗೆ ಬೇಕಾದುದೆಲ್ಲ ಬಾಯಿಯಲ್ಲೇ ಸಿಗುತ್ತದೆ. ಅಂಗಳಕ್ಕೆ ಕಾಲಿಡುವ ಮೊದಲು ಮನೆಯವರ ಒಪ್ಪಿಗೆ ಪಡೆಯಿರಿ, ಅಳತೆ ಮುಗಿದ ಮೇಲೆ ನಿಮ್ಮ ಅಂಕಿಗಳನ್ನು ಅವರಿಗೂ ತೋರಿಸಿರಿ.

ಪ್ರಶ್ನೆ: ನಾವೂ ಸುರಂಗಗಳನ್ನೇ ಅಳೆಯುತ್ತಿದ್ದೇವೆ. ಕೊಳವೆಬಾವಿಗಳಿಂದಾಗಿ ಸುರಂಗಗಳು ಬತ್ತುತ್ತಿವೆ ಎಂದು ಹಿರಿಯರೆಲ್ಲ ಹೇಳುತ್ತಾರೆ. ಆದರೆ ಕೊಳವೆಬಾವಿಯ ಪಕ್ಕದ ಸುರಂಗದಲ್ಲಿ ನಿಮಿಷಕ್ಕೆ 15 ಲೀಟರು ಇದ್ದದ್ದು 9ಕ್ಕೆ ಇಳಿದರೆ, ದೂರದ ಸುರಂಗದಲ್ಲಿ 6 ಇದ್ದದ್ದು 3ಕ್ಕೆ ಇಳಿದಿದೆ. ವರದಿಯಲ್ಲಿ ಏನು ಬರೆಯಬೇಕು?
(ಪ್ಲಸ್ ಟು ವಿದ್ಯಾರ್ಥಿ, ಪೆರ್ಲ)

ಉತ್ತರ: ಬಂದದ್ದನ್ನೇ ಬರೆಯಬೇಕು. ಲೀಟರಿನ ಲೆಕ್ಕದಲ್ಲಿ ಮೊದಲನೆಯದು ಹೆಚ್ಚು ಕಳೆದುಕೊಂಡಿದೆ, ಶೇಕಡಾ ಲೆಕ್ಕದಲ್ಲಿ ಮೊದಲನೆಯದು 40, ಎರಡನೆಯದು 50 ಇಳಿದಿದೆ. ಎರಡನ್ನೂ ಕೊಡಿ. ಒಂದನ್ನು ಮರೆಮಾಡಿ ಇನ್ನೊಂದನ್ನು ತೋರಿಸಿದರೆ ಬೇಕಾದ ತೀರ್ಮಾನಕ್ಕೆ ಬರಬಹುದು, ಆದರೆ ಅದು ವಕಾಲತ್ತಿನ ಕೆಲಸವಾಯಿತು. ಸುರಂಗದ ಮೇಲಿನ ಗುಡ್ಡದಲ್ಲಿ ಕಾಡಿದೆಯೇ, ರಬ್ಬರ್ ತೋಟವಿದೆಯೇ, ಬೋಳು ಪಾರೆಯಿದೆಯೇ, ಮಳೆನೀರು ಇಂಗಲು ಕಟ್ಟಪುಣಿಗಳು (ಮಣ್ಣಿನ ಬದುಗಳು) ಇವೆಯೇ ಎಂಬುದೆಲ್ಲ ಹರಿವನ್ನು ಬದಲಿಸುತ್ತದೆ. ಎರಡು ಸುರಂಗಗಳನ್ನು ಹೋಲಿಸಿ ಕೊಳವೆಬಾವಿಯನ್ನು ಅಪರಾಧಿಯೆನ್ನಲೂ ನಿರಪರಾಧಿಯೆನ್ನಲೂ ಆಗದು. ಹಿರಿಯರು ಹೇಳುವುದು ನಾಲ್ಕೈದು ದಶಕಗಳ ಮಾತು, ನೀವು ಅಳೆದದ್ದು ಕೆಲವು ವಾರಗಳ ಮಾತು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದೆಂಬುದನ್ನು ಒಂದು ಪರಿಚ್ಛೇದದಲ್ಲಿ ವಿವರಿಸಿದರೆ ಅದೇ ನಿಮ್ಮ ವರದಿಯ ಅತ್ಯುತ್ತಮ ಭಾಗವಾದೀತು.

ಪ್ರಶ್ನೆ: ನಮ್ಮ ತಂಡದ ನಾಲ್ವರ ಮನೆಮಾತು ನಾಲ್ಕು: ತುಳು, ಮಲಯಾಳ, ಬ್ಯಾರಿ, ಹವ್ಯಕ ಕನ್ನಡ. ಊರವರನ್ನು ಸಂದರ್ಶಿಸುವ ಪ್ರಶ್ನೆಗಳು ಯಾವ ಭಾಷೆಯಲ್ಲಿರಬೇಕು?
(ವಿದ್ಯಾರ್ಥಿನಿ, ಕುಂಬಳೆ)

ಉತ್ತರ: ಬೇರೆ ಊರಿನ ತಂಡಗಳಿಗೆ ಇಲ್ಲದ ಅನುಕೂಲ ಇದು. ಪ್ರಶ್ನೆಗಳನ್ನು ಕನ್ನಡದಲ್ಲಿ ಒಮ್ಮೆ ಬರೆದು, ನಾಲ್ವರೂ ಕೂತು ಪ್ರತಿಯೊಂದನ್ನು ನಾಲ್ಕು ಮಾತಿನಲ್ಲಿಯೂ ಹೇಳಿ ನೋಡಿ, ಅರ್ಥ ಎಲ್ಲಿ ಜಾರುತ್ತದೆಂಬುದನ್ನು ಮೊದಲೇ ಸರಿಪಡಿಸಿಕೊಳ್ಳಿ. ‘ಈಗ ನೀರು ಕಡಿಮೆಯಾಗಿದೆಯಲ್ಲವೇ?’ ಎಂದು ಕೇಳಿದರೆ ಯಾವ ಭಾಷೆಯಲ್ಲಿಯೂ ಹೌದೆಂಬ ಉತ್ತರವೇ ಬರುತ್ತದೆ, ಆದ್ದರಿಂದ ‘ನೀರು ಯಾವಾಗ ನಿಲ್ಲುತ್ತದೆ?’ ಎಂದು ಕೇಳಿ. ಉತ್ತರವನ್ನು ಅವರು ಆಡಿದ ಮಾತಿನಲ್ಲಿಯೇ ಬರೆದುಕೊಂಡು ಆಮೇಲೆ ಕನ್ನಡಕ್ಕೆ ತನ್ನಿ. ‘ಪತ್ತನಾಜೆಯವರೆಗೆ ನೀರಿಗೆ ಬರವಿಲ್ಲ’ ಎಂದು ಅಜ್ಜಿಯೊಬ್ಬರು ತುಳುವಿನಲ್ಲಿ ಹೇಳಿದರೆ ಅದನ್ನು ‘ಬೇಸಿಗೆಯವರೆಗೆ’ ಎಂದು ಬರೆದು ಕೆಡಿಸಬಾರದು. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅದು ಬರುವುದು ಮೇ 24ರ ಆಸುಪಾಸಿಗೆ. ಅಜ್ಜಿ ನಿಮಗೆ ಕೊಟ್ಟದ್ದು ಒಂದು ದಿನಾಂಕ.