ಸೈಟಿನಾಚೆಗೆ ಒಂದು ಓದು

ಈ ಸಂಚಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ನಿವೃತ್ತ ನಗರ ಯೋಜಕಿ. ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್, ದಿಲ್ಲಿಯಲ್ಲಿ ನಗರ ಯೋಜನೆಯ ಸ್ನಾತಕೋತ್ತರ ಓದು, ಆಮೇಲೆ 31 ವರ್ಷ ಸರ್ಕಾರಿ ಕೆಲಸ. ಈಗ ಮೈಸೂರಿನಲ್ಲಿದ್ದಾರೆ.

ನಾನು ಗದಗಿನವಳು. ಸಿವಿಲ್ ಮುಗಿಸಿ ಎರಡು ವರ್ಷದಿಂದ ಗುತ್ತಿಗೆದಾರರೊಬ್ಬರ ಹತ್ತಿರ ಇದ್ದೇನೆ. ಎಂ.ಬಿ., ಅಂದರೆ ಕೆಲಸದ ಅಳತೆ ಪುಸ್ತಕ, ಬರೆದು ಬರೆದು ಸಾಕಾಗಿದೆ. ಎಂ.ಪ್ಲಾನ್, ಅಂದರೆ ನಗರ ಯೋಜನೆಯ ಸ್ನಾತಕೋತ್ತರ ಪದವಿ, ಮಾಡಬೇಕು ಅಂತ ಆಸೆ. ಅರ್ಬನ್ ಡಿಸೈನ್ ಅಂತಲೂ ಒಂದಿದೆಯಂತೆ. ಎರಡಕ್ಕೂ ಏನು ವ್ಯತ್ಯಾಸ ಮೇಡಂ? ನನಗೆ ಯಾವುದು ಸಿಗುತ್ತೆ? (ಒಬ್ಬ ಓದುಗಿ, ಗದಗ)

ಸಿಗುವುದನ್ನು ಮೊದಲು ಹೇಳಿಬಿಡ್ತೀನಿ ತಂಗಿ. ಅರ್ಬನ್ ಡಿಸೈನ್‌ಗೆ ನಮ್ಮ ದೇಶದ ಹೆಚ್ಚಿನ ಕಾಲೇಜುಗಳು ಬಿ.ಆರ್ಕ್, ಅಂದರೆ ವಾಸ್ತುಶಿಲ್ಪದ ಪದವಿ, ಮಾಡಿದವರನ್ನೇ ತೆಗೆದುಕೊಳ್ಳುತ್ತವೆ. ಪ್ಲಾನಿಂಗ್ ಹಾಗಲ್ಲ. ಸಿವಿಲ್‌ನವರಿಗೆ ಅಲ್ಲಿ ಮೊದಲಿನಿಂದಲೂ ಮಣೆ ಇದೆ, ನಾನೂ ಅದೇ ಬಾಗಿಲಿಂದ ಒಳಗೆ ಹೋದವಳು.

ಇನ್ನು ವ್ಯತ್ಯಾಸ. ಗದಗ-ಬೆಟಗೇರಿ ಸುತ್ತಲಿನ ಹೊಲಗಳಲ್ಲಿ ಇನ್ನಿಪ್ಪತ್ತು ವರ್ಷಕ್ಕೆ ಯಾವುದು ಮನೆಯಾಗಬೇಕು, ಯಾವುದು ಹೊಲವಾಗಿಯೇ ಉಳಿಯಬೇಕು, ಅಷ್ಟು ಜನಕ್ಕೆ ನೀರು ಎಲ್ಲಿಂದ ತರೋದು, ಕಸ ಎಲ್ಲಿ ಹಾಕೋದು, ಇದಕ್ಕೆಲ್ಲ ದುಡ್ಡು ಯಾರು ಕೊಡೋದು: ಇದು ಪ್ಲಾನಿಂಗ್. ನಿಮ್ಮ ಸಂತೆ ಬೀದಿಯ ಅಂಗಡಿಕಟ್ಟೆ ಎಷ್ಟು ಎತ್ತರ ಇರಬೇಕು, ಹೂವಿನವಳು ಎಲ್ಲಿ ಕೂತರೆ ಮಧ್ಯಾಹ್ನದ ಬಿಸಿಲು ತಾಗೋದಿಲ್ಲ, ಎರಡನೇ ಅಂತಸ್ತಿನ ಬಾಲ್ಕನಿ ಬೀದಿಗೆ ನೆರಳಾಗುತ್ತೋ ಕತ್ತಲಾಗುತ್ತೋ: ಇದು ಅರ್ಬನ್ ಡಿಸೈನ್. ನಮ್ಮ ಹಾಳೆಯಲ್ಲಿ ಒಂದು ಮನೆ ಅಂದರೆ ಸಾಸಿವೆ ಕಾಳು. ಅವರ ಹಾಳೆಯಲ್ಲಿ ಅದರ ಮೆಟ್ಟಿಲೂ ಕಾಣುತ್ತೆ.

ಸಿವಿಲ್‌ನಿಂದ ಬಂದವರಿಗೆ ಅಲ್ಲಿ ಪಾಠಕ್ಕಿಂತ ಕಷ್ಟ ಆಗೋದು ಕಣ್ಣು ಬದಲಾಯಿಸಿಕೊಳ್ಳೋದು. ಮೊದಲ ಸೆಮಿಸ್ಟರಿನ ಸ್ಟುಡಿಯೊದಲ್ಲಿ, ಅಂದರೆ ಜಾಗ ನೋಡಿ ನಕ್ಷೆ ಬಿಡಿಸುವ ಕ್ಲಾಸಿನಲ್ಲಿ, ನಮ್ಮ ಗುಂಪಿಗೆ ಚಾಂದನಿ ಚೌಕ್‌ನ ಒಂದು ಗಲ್ಲಿ ಬಾಯಿ ಕೊಟ್ಟಿದ್ದರು. ಬೆಳಿಗ್ಗೆ ಆರಕ್ಕೆ ಹೋಗಿ ಮಿಠಾಯಿ ಅಂಗಡಿ ಪಕ್ಕ ನಿಂತೆ. ಕೈಗಾಡಿ ಎಷ್ಟು, ಸೈಕಲ್ ರಿಕ್ಷಾ ಎಷ್ಟು, ಸ್ಕೂಟರ್ ಎಷ್ಟು ಅಂತ ಕಾಲು ಕಾಲು ಗಂಟೆಗೆ ಗೆರೆ ಹಾಕುತ್ತಾ ರಾತ್ರಿ ಎಂಟರವರೆಗೆ ಎಣಿಸಿದೆ. ಹೈವೇ ಇಂಜಿನಿಯರಿಂಗ್ ಓದಿದ್ದೆನಲ್ಲ, ಗ್ರಾಫು ಚೆನ್ನಾಗಿಯೇ ಬಂತು. ಕೆಲಸ ತೋರಿಸಿ ಒಪ್ಪಿಸುವ ಜ್ಯೂರಿಯಲ್ಲಿ ಮೇಷ್ಟ್ರು ಅದನ್ನು ಒಂದು ಸಲ ನೋಡಿ, ‘ಹೋದವರ ಲೆಕ್ಕ ಆಯ್ತು, ಕೂತವರೆಷ್ಟು?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಮತ್ತೆ ಹೋದೆ. ಕಿವಿಯ ಕೊಳೆ ತೆಗೆಯುವವನು, ಬೀಗ ರಿಪೇರಿಯವನು, ಕೆಲಸಕ್ಕೆ ಕಾಯುತ್ತಾ ಜಗಲಿ ಮೇಲೆ ಕೂತ ಹಮಾಲರು, ಇಷ್ಟು ಜನ ಹಿಂದಿನ ದಿನವೂ ಅಲ್ಲೇ ಇದ್ದರು. ಹದಿನಾಲ್ಕು ಗಂಟೆ ಪಕ್ಕದಲ್ಲೇ ನಿಂತಿದ್ದರೂ ನನಗೆ ಕಂಡಿರಲಿಲ್ಲ.

ಪ್ರವೇಶದ ಮಾತು. ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಿರಿ. ಸಿವಿಲ್ ಪೇಪರ್‌ಗೂ ಕೆಲವು ಕಡೆ ಬೆಲೆ ಇದೆ. ಆದರೆ ‘ಎಆರ್’ ಅಂದರೆ ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್ ಪೇಪರ್ ಬರೆದರೆ ಬಾಗಿಲು ಜಾಸ್ತಿ. 2021ರಿಂದ ಅದರಲ್ಲಿ ಎಲ್ಲರಿಗೂ ಒಂದೇ ಭಾಗ, ಆಮೇಲೆ ಆರ್ಕಿಟೆಕ್ಚರ್ ಅಥವಾ ಪ್ಲಾನಿಂಗ್ ಎರಡರಲ್ಲಿ ಒಂದು ಆರಿಸಿಕೊಳ್ಳುವ ಭಾಗ ಅಂತ ಮಾಡಿದ್ದಾರೆ, ನಿಮ್ಮಂಥವರಿಗೆ ಒಳ್ಳೆಯದೇ ಆಯಿತು. ಅಂಕ 3 ವರ್ಷ ನಡೆಯುತ್ತೆ. ದಿಲ್ಲಿ, ಭೋಪಾಲ್, ವಿಜಯವಾಡಗಳ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳು ಅಂದರೆ ಎಸ್‌ಪಿಎ, ಖರಗ್‌ಪುರ ಮತ್ತು ರೂರ್ಕಿ ಐಐಟಿ, ನಾಗಪುರ, ಸೂರತ್, ಜೈಪುರದ ಎನ್‌ಐಟಿಗಳು ಇವೆ. ನಮ್ಮಲ್ಲೇ ಬೇಕೆಂದರೆ ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯ ಎಂ.ಟೆಕ್ ಇದೆ. ಗೇಟ್ ಅಂಕದ ಮೇಲೆ ಸೀಟು ಸಿಕ್ಕರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತೆ. ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅದೇ.

ಎಂ.ಬಿ. ಬರೆದದ್ದನ್ನು ವ್ಯರ್ಥ ಅಂದುಕೊಳ್ಳಬೇಡಿ. ಒಂದು ಮೀಟರ್ ಚರಂಡಿಗೆ ಎಷ್ಟು ಖರ್ಚು ಬೀಳುತ್ತೆ ಅಂತ ಗೊತ್ತಿರುವವರು ಕ್ಲಾಸಿನಲ್ಲಿ ನೀವೊಬ್ಬರೇ ಇರಬಹುದು.

ಮಗ ಐದು ವರ್ಷ ಬಿ.ಆರ್ಕ್ ಓದಿದ. ಈಗ ಇನ್ನೆರಡು ವರ್ಷ ಅರ್ಬನ್ ಡಿಸೈನ್ ಅಂತಾನೆ. ಆ ದುಡ್ಡಿಗೆ ಊರ ಹೊರಗೆ ಒಂದು ಸೈಟು ಬರುತ್ತೆ. ಇದನ್ನು ಓದಿದರೆ ಕೆಲಸ ಸಿಗುತ್ತಾ? (ಒಬ್ಬ ತಂದೆ, ತುಮಕೂರು)

ಸ್ವಾಮಿ, ಸೈಟು ತಗೊಳ್ಳುವ ಮೊದಲು ಅದರ ಲೇಔಟ್ ಪ್ಲಾನ್ ಯಾರು ಅಪ್ರೂವ್ ಮಾಡಿದ್ದಾರೆ ಅಂತ ನೋಡಿ. ಆಮೇಲೆ ಮಗನ ವಿಷಯ.

ಅರ್ಬನ್ ಡಿಸೈನ್ ಓದಿದವರಿಗೆ ಕೆಲಸ ಇರುವುದು ಹೆಚ್ಚಾಗಿ ಖಾಸಗಿ ಕಚೇರಿಗಳಲ್ಲಿ. ಬೀದಿ, ಮೆಟ್ರೊ ನಿಲ್ದಾಣದ ಸುತ್ತಮುತ್ತ, ಕೆರೆ ಅಂಗಳ, ಹಳೇ ಪೇಟೆ ಇಂಥ ಕೆಲಸಗಳು. ಮೊದಲ ಎರಡು ವರ್ಷ ಸಂಬಳ ನೋಡಿ ನಿಮಗೆ ಬೇಜಾರಾಗುತ್ತೆ, ಸುಳ್ಳು ಹೇಳಲಾರೆ. ಪ್ಲಾನಿಂಗ್ ಓದಿದರೆ ಸರ್ಕಾರಿ ಬಾಗಿಲೂ ಇದೆ, ಕೆಪಿಎಸ್‌ಸಿ ಮೂಲಕ ಸಹಾಯಕ ನಗರ ಯೋಜಕರ ಹುದ್ದೆ. ಆದರೆ ಅಧಿಸೂಚನೆಗೆ ಕಾಯೋದು ಅಂದರೆ ಹಿಂಗಾರಿಗೆ ಕಾದಂತೆ. 2021ರಲ್ಲಿ ನೀತಿ ಆಯೋಗದ ಒಂದು ವರದಿ ಬಂತು. ದೇಶದ ಊರುಗಳಿಗೆ 12,000ಕ್ಕೂ ಹೆಚ್ಚು ನಗರ ಯೋಜಕರು ಬೇಕು, ರಾಜ್ಯಗಳ ಇಲಾಖೆಗಳಲ್ಲಿ ಮಂಜೂರಾಗಿರುವ ಹುದ್ದೆ 4,000 ಕೂಡ ಇಲ್ಲ, ಅದರಲ್ಲೂ ನೂರಕ್ಕೆ 42 ಖಾಲಿ ಅಂತ ಅದರಲ್ಲಿತ್ತು. ಹಸಿವೂ ಇದೆ, ಅಕ್ಕಿಯೂ ಇದೆ, ಒಲೆ ಹಚ್ಚುವವರಿಲ್ಲ.

ಇನ್ನೊಂದು ವಿಷಯ ಮಗನಿಗೆ ಹೇಳಿ. ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಲು 1972ರ ಕಾಯ್ದೆ ಪ್ರಕಾರ ನೋಂದಣಿ ಬೇಕು. ನಗರ ಯೋಜಕರಿಗೆ ಅಂಥ ಕಾಯ್ದೆ ಇಲ್ಲ. ಇರುವುದು 1951ರಲ್ಲಿ ಶುರುವಾದ ಐಟಿಪಿಐ ಎಂಬ ವೃತ್ತಿ ಸಂಸ್ಥೆ. ಪ್ಲಾನಿಂಗ್ ಕೋರ್ಸ್‌ಗೆ ಫೀಸು ಕಟ್ಟುವ ಮೊದಲು ಐಟಿಪಿಐ ಮಾನ್ಯತೆ ಇದೆಯೇ ಎಂದು ಕೇಳಬೇಕು. ನೇಮಕಾತಿ ವೇಳೆ ಈ ಒಂದು ಕಾಗದಕ್ಕಾಗಿ ಅತ್ತವರನ್ನು ಕಂಡಿದ್ದೇನೆ.

ಮಗನಿಗೆ ನಿಜಕ್ಕೂ ಆಸಕ್ತಿ ಇದೆಯೇ ಅಂತ ತಿಳಿಯಲು ಒಂದು ಭಾನುವಾರ ಬೆಂಗಳೂರಿಗೆ ಕಳಿಸಿ. 1898ರ ಪ್ಲೇಗ್ ಆದ ಮೇಲೆ ಬೆಳೆದ ಬಡಾವಣೆಗಳು ಮಲ್ಲೇಶ್ವರ, ಬಸವನಗುಡಿ. ಅಲ್ಲಿನ ಹಳೇ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ, ಮಲ ಹೊರುವವರು ಓಡಾಡಲಿ ಅಂತ ಬಿಟ್ಟಿದ್ದು. ಆ ಹೀನ ಪದ್ಧತಿ ಹೋಯಿತು, ಗಲ್ಲಿ ಉಳಿಯಿತು. ಒಂದರಲ್ಲಿ ಬೈಕು ನಿಲ್ಲಿಸಿದ್ದಾರೆ, ಇನ್ನೊಂದಕ್ಕೆ ಗೇಟು ಹಾಕಿ ಬೀಗ ಜಡಿದಿದ್ದಾರೆ. ಅಂಥ ಒಂದು ಗಲ್ಲಿಯನ್ನು ಅಳೆದು, ಅದರಲ್ಲಿ ಏನು ಮಾಡಬಹುದು ಅಂತ ನಾಲ್ಕು ಹಾಳೆ ಬಿಡಿಸಲಿ. ಸಂಜೆ ಮನೆಗೆ ಬಂದಾಗ ಮುಖ ನೋಡಿ, ನಿಮಗೇ ಗೊತ್ತಾಗುತ್ತೆ.

ಬಳ್ಳಾರಿಯವನು, ಭೂಗೋಳದಲ್ಲಿ ಎಂ.ಎ. ನನ್ನನ್ನು ಸೇರಿಸಿಕೊಳ್ಳುತ್ತಾರಾ?

ದಿಲ್ಲಿ ಎಸ್‌ಪಿಎಯ ಕೆಲವು ವಿಭಾಗಗಳು ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದವರನ್ನು ತೆಗೆದುಕೊಳ್ಳುತ್ತವೆ. ಡ್ರಾಯಿಂಗ್ ಬರಲ್ಲ ಅಂತ ಹೆದರಬೇಡಿ, ಮೂರು ತಿಂಗಳು ಬೆರಳು ನೋಯುತ್ತೆ ಅಷ್ಟೆ.

ಬಳ್ಳಾರಿ ಅಂದ ಕೂಡಲೇ ನೆನಪಾಯ್ತು. ನಮ್ಮ ವಿದ್ಯೆಯ ಹಿರಿಯಜ್ಜ ಪ್ಯಾಟ್ರಿಕ್ ಗೆಡ್ಡಿಸ್, ಮೂಲತಃ ಸಸ್ಯಶಾಸ್ತ್ರದ ಮೇಷ್ಟ್ರು, 1914ರಲ್ಲಿ ಭಾರತಕ್ಕೆ ಬಂದ. ಅವನ ನಗರ ಪ್ರದರ್ಶನದ ಚಿತ್ರ, ನಕ್ಷೆಗಳನ್ನು ಹೊತ್ತ ಹಡಗನ್ನು ಎಂಡೆನ್ ಎಂಬ ಜರ್ಮನ್ ಯುದ್ಧನೌಕೆ ಮುಳುಗಿಸಿತು. ಗೆಳೆಯರು ಮತ್ತೊಂದು ಸಂಗ್ರಹ ಕಳಿಸಿಕೊಟ್ಟರು, ಮದರಾಸಿನಲ್ಲಿ ಪ್ರದರ್ಶನ ನಡೆಯಿತು. ಆಮೇಲೆ ಮದರಾಸು ಪ್ರಾಂತ್ಯದ ಊರೂರು ತಿರುಗಿ ವರದಿ ಬರೆದ, ಆಗ ಆ ಪ್ರಾಂತ್ಯದಲ್ಲಿದ್ದ ನಿಮ್ಮ ಬಳ್ಳಾರಿಯೂ ಅದರಲ್ಲಿದೆ. ಹಳೇ ಪೇಟೆ ಕೆಡವಿ ಅಗಲ ರಸ್ತೆ ಮಾಡುವ ಇಂಜಿನಿಯರುಗಳ ಜತೆ ಅವನದು ನಿತ್ಯ ಜಗಳ. ಮೊದಲು ನಡೆದು ನೋಡು, ಕೊಳೆತದ್ದನ್ನಷ್ಟೇ ತೆಗೆ, ಉಳಿದದ್ದಕ್ಕೆ ಕೈ ಹಚ್ಚಬೇಡ ಅನ್ನೋದು ಅವನ ಪಾಠ. ಗಿಡದ ವೈದ್ಯನ ಬುದ್ಧಿ. ಭೂಗೋಳದವರಿಗೆ ಇದು ಬೇಗ ಹಿಡಿಸುತ್ತೆ.

ವಿದೇಶದಲ್ಲಿ ಓದಿದರೆ ಹೆಚ್ಚು ಬೆಲೆಯೇ?

ಸಾಲ ಮಾಡಿ ಹೋಗುವಷ್ಟು ಅಲ್ಲ, ವಿದ್ಯಾರ್ಥಿವೇತನ ಸಿಕ್ಕರೆ ಖಂಡಿತ ಹೋಗಿ. ಎರಡು ವರ್ಷ ಇಲ್ಲಿ ಕೆಲಸ ಮಾಡಿ ಹೋದರೆ ಅಲ್ಲಿ ಕೇಳಲು ನಿಮ್ಮದೇ ಪ್ರಶ್ನೆಗಳಿರುತ್ತವೆ. ಲಂಡನ್ನಿನ ವಿಶ್ವವಿದ್ಯಾಲಯ ಯುಸಿಎಲ್‌ನಲ್ಲಿರುವ ಡೆವಲಪ್‌ಮೆಂಟ್ ಪ್ಲಾನಿಂಗ್ ಯುನಿಟ್ ನಮಗೆ ದೂರದ ನೆಂಟ. ಅದನ್ನು ಕಟ್ಟಿದ ಒಟ್ಟೊ ಕ್ಯೋನಿಗ್ಸ್‌ಬರ್ಗರ್ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದು 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು. ಬಿಸಿಲು, ಗಾಳಿ, ಮಳೆಯನ್ನು ನೋಡಿ ಕಟ್ಟಬೇಕು ಎಂಬುದನ್ನು ಬೆಂಗಳೂರಿನಲ್ಲಿ ಕಟ್ಟುತ್ತಲೇ ಕಲಿತು, ಹೋಗಿ ಲಂಡನ್ನಿನವರಿಗೆ ಕಲಿಸಿದರು.

ನಿಮ್ಮಂಥವರು ದೊಡ್ಡ ಓದು ಓದಿ ಮಾಡಿದ ಮಾಸ್ಟರ್ ಪ್ಲಾನ್‌ನಿಂದಲೇ ಪ್ರತಿ ಮಳೆಗೆ ನಮ್ಮ ಮನೆಗೆ ನೀರು ನುಗ್ಗುತ್ತಿದೆ. ಈ ಓದು ಯಾಕಾದರೂ ಬೇಕು? (ಹೆಸರು ಬೇಡ)

ನಿಮ್ಮ ಸಿಟ್ಟು ನ್ಯಾಯವಾದದ್ದು. ನನ್ನದೇ ಒಂದು ಹೇಳುತ್ತೇನೆ.

ತೊಂಬತ್ತರ ದಶಕ, ಬಯಲುಸೀಮೆಯ ಒಂದು ಊರು. ಮಾಸ್ಟರ್ ಪ್ಲಾನ್‌ಗೆ ಗ್ರಾಮ ನಕ್ಷೆಗಳನ್ನು ಜೋಡಿಸಿ ಟ್ರೇಸ್ ಮಾಡುತ್ತಿದ್ದೆವು. ನಮ್ಮ ಕೈಲಿದ್ದದ್ದು ಅಮೋನಿಯಾ ಪ್ರಿಂಟು, ಅದೂ ಎಷ್ಟನೇ ಪ್ರತಿಯೋ, ಗೆರೆಯೆಲ್ಲ ಮಾಸಿತ್ತು. ಊರ ಪೂರ್ವಕ್ಕೆ ಡೊಂಕುಡೊಂಕಾಗಿ ಎರಡು ಸಣ್ಣ ಗೆರೆ ಜತೆಯಾಗಿ ಹೋಗಿದ್ದವು. ಬಂಡಿದಾರಿ ಅಂದುಕೊಂಡೆ. ಹೇಗೂ ದಾರಿ ಇದೆ, ಜಮೀನು ಸ್ವಾಧೀನ ಕಮ್ಮಿಯಾಗುತ್ತೆ ಅಂತ ಅದರ ಮೇಲೇ 18 ಮೀಟರ್ ರಸ್ತೆ ಎಳೆದೆ. ಅದು ಹಳ್ಳ. ನಾನು ಜಾಗಕ್ಕೆ ಹೋಗಿದ್ದು ಏಪ್ರಿಲ್‌ನಲ್ಲಿ, ಹಳ್ಳದಲ್ಲಿ ಜಾಲಿ ಗಿಡ ಮತ್ತು ಟ್ರ್ಯಾಕ್ಟರ್ ಗಾಲಿಯ ಗುರುತು ಬಿಟ್ಟರೆ ಏನೂ ಇರಲಿಲ್ಲ.

ಕಾನೂನಿನ ಪ್ರಕಾರ ಕರಡು ಪ್ರಕಟಿಸಿ ಆಕ್ಷೇಪಣೆಗೆ ಸಮಯ ಕೊಟ್ಟೆವು. ಒಬ್ಬ ರೈತರು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಂದರು. ‘ತಾವು ದಾರಿ ಹಾಕಿರುವಲ್ಲಿ ನಮ್ಮ ತಂದೆಯವರ ಒಂದು ಎತ್ತು ಕೊಚ್ಚಿಹೋಗಿರುತ್ತದೆ’ ಅಂತ ಅದರಲ್ಲಿತ್ತು. ಸರ್ವೆ ನಂಬರ್ ಬರೆದಿರಲಿಲ್ಲ. ನಾನು ಪಕ್ಕದ ಕಾಲಮ್ಮಿನಲ್ಲಿ ‘ಪರಿಶೀಲಿಸಿದೆ, ಮಾರ್ಪಾಡಿನ ಅಗತ್ಯ ಕಂಡುಬರುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಪರಿಶೀಲಿಸಿರಲಿಲ್ಲ. ಆ ದಿನ ಇನ್ನೂ ಇನ್ನೂರು ಅರ್ಜಿ ಮೇಜಿನ ಮೇಲಿದ್ದವು.

ಏಳು ವರ್ಷದ ನಂತರ ಅಲ್ಲಿ ಲೇಔಟ್ ಆಗಿತ್ತು. ಒಂದು ಅಕ್ಟೋಬರ್ ಮಳೆ ಮುಗಿದ ಮೇಲೆ ಹೋದೆ. ಒಂದು ಮನೆಯ ನಡುಮನೆಯಲ್ಲಿ ಸ್ವಿಚ್‌ಬೋರ್ಡಿನ ಮಟ್ಟಕ್ಕೆ ಕೆಸರಿನ ಗೆರೆ ಗೋಡೆಯ ಸುತ್ತಲೂ ಎಳೆದಂತೆ ನೆಟ್ಟಗಿತ್ತು. ಆ ಮನೆಯ ಅಮ್ಮ ನಾನು ಯಾರೆಂದು ಗೊತ್ತಿಲ್ಲದೆ ಟೀ ಕೊಟ್ಟರು. ಮುಂದಿನ ಪರಿಷ್ಕರಣೆಯಲ್ಲಿ ಹಳ್ಳವನ್ನು ಹಳ್ಳವೆಂದು ತೋರಿಸಿ ಇಕ್ಕೆಲಕ್ಕೂ ಜಾಗ ಬಿಡಿಸಿದೆ. ಅಷ್ಟರಲ್ಲಿ ರಸ್ತೆ ಕೆಳಗೆ ಎರಡು ಹ್ಯೂಮ್ ಪೈಪು ಹಾಕಿ ಹಳ್ಳವನ್ನು ಅದರೊಳಗೆ ತುರುಕಿಯಾಗಿತ್ತು. ಈಗಲೂ ಹಾಗೇ ಇದೆ.

ಓದು ಯಾಕೆ ಬೇಕು ಅಂದಿರಿ. ಆ ರೈತರ ಅರ್ಜಿಯನ್ನು ಓದಲು ನನಗೆ ಯಾರೂ ಕಲಿಸಿರಲಿಲ್ಲ. ಈಗ ಅಪರೂಪಕ್ಕೆ ಕಾಲೇಜುಗಳು ಪಾಠಕ್ಕೆ ಕರೆದರೆ, ಅದನ್ನೇ ನೆನಪಿನಿಂದ ಬೋರ್ಡಿನ ಮೇಲೆ ಬರೆದು, ಸರ್ವೆ ನಂಬರ್ ಇಲ್ಲದೆ ಈ ಜಾಗ ಹುಡುಕಿ ಅಂತ ಮಕ್ಕಳಿಗೆ ಕೊಡ್ತೀನಿ.

ಕೋರ್ಸ್ ಶುರುವಾಗುವ ಮೊದಲು ಏನು ಕಲಿತಿರಬೇಕು? ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಬೇಕಂತೆ.

ಬೇಡ. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಉಚಿತ, ಸಾಧಾರಣ ಯಂತ್ರದಲ್ಲೂ ಓಡುತ್ತೆ. ಕಂದಾಯ ಇಲಾಖೆಯ ಜಾಲತಾಣದಿಂದ ನಿಮ್ಮೂರಿನ ಗ್ರಾಮ ನಕ್ಷೆ ಇಳಿಸಿಕೊಂಡು ಪ್ರಿಂಟ್ ಹಾಕಿಸಿ. ಮೊಬೈಲಿಗೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ, ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ನಕ್ಷೆಯಲ್ಲಿ ಎರಡು ಗೆರೆ ಜತೆಯಾಗಿ ಹೋದ ಕಡೆಯೆಲ್ಲ ಮಳೆಗಾಲದಲ್ಲಿ ಒಂದು ಸಲ ನಡೆದುಕೊಂಡು ಹೋಗಿ ಬನ್ನಿ. ಕೊಡೆ ಮರೆಯಬೇಡಿ.