ಚಪ್ಪರ ತುಂಬ ಎಲೆ, ಗೊಂಚಲು ಮಾತ್ರ ಇಲ್ಲ: ದ್ರಾಕ್ಷಿ ಬಳ್ಳಿಗೆ ಯಾವ ಗೊಬ್ಬರ ಹಾಕಲಿ?

ನಾಲ್ಕು ವರ್ಷದ ಬಳ್ಳಿ, ಚಪ್ಪರ ಕಾಣದ ಹಾಗೆ ಹಬ್ಬಿದೆ, ಆದರೂ ಕಾಯಿ ಬಿಟ್ಟಿಲ್ಲ ಅಂದಿರಿ. ಗೊಬ್ಬರದ ಚೀಲ ಅತ್ತ ಇಡಿ, ಕತ್ತರಿ ಕೈಗೆತ್ತಿಕೊಳ್ಳಿ. ನಾನೂ ಮೊದಲೆರಡು ವರ್ಷ ನಿಮ್ಮಂತೆಯೇ ಯೂರಿಯಾ ಸುರಿದವನು. ಸಿಕ್ಕಿದ್ದು ನೆರಳು ಮಾತ್ರ.

ದ್ರಾಕ್ಷಿ ಬಳ್ಳಿಯ ಹಳೇ ಕಾಂಡದ ಮೇಲೆ ಬಿಡುವುದಿಲ್ಲ. ಕಳೆದ ಹಂಗಾಮಿನಲ್ಲಿ ಬೆಳೆದು ಕಂದು ಬಣ್ಣಕ್ಕೆ ತಿರುಗಿದ ಕಡ್ಡಿ ಇರುತ್ತದಲ್ಲ, ಅದರ ಕಣ್ಣಿನಿಂದ, ಅಂದರೆ ಗೆಣ್ಣಿನ ಮೊಗ್ಗಿನಿಂದ, ಹೊರಡುವ ಹೊಸ ಚಿಗುರಿನಲ್ಲಿ ಹೂವು ಬರುತ್ತದೆ. ಆ ಕಣ್ಣೊಳಗೆ ಗೊಂಚಲು ಮೊಳೆಯುವುದು ಹಿಂದಿನ ಹಂಗಾಮಿನಲ್ಲೇ, ಅದೂ ಬಿಸಿಲು ಚೆನ್ನಾಗಿ ಬಿದ್ದರೆ. ಎಲೆಯ ಮೇಲೆ ಎಲೆ ಕವಿದಿದ್ದರೆ ಕಣ್ಣು ಕುರುಡೇ ಉಳಿಯುತ್ತದೆ. ನಿಮ್ಮ ಬಳ್ಳಿ ಸೊಂಪಾಗಿರುವುದೇ ಅದರ ರೋಗ ಅನ್ನಿ.

ಆದ್ದರಿಂದ ಸವರಬೇಕು. ಬೆಳೆಗಾರರು ಚಾಟ್ನಿ ಅನ್ನುವುದು ಇದನ್ನೇ. ಒಂದು ಕಾಂಡ, ಅದರಿಂದ ಎರಡು ಕಡೆಗೆ ಒಂದೊಂದು ತೋಳು, ತೋಳಿನ ಮೇಲೆ ಗೇಣಿಗೊಂದರಂತೆ ಕಡ್ಡಿ. ಪ್ರತಿ ಕಡ್ಡಿಯಲ್ಲಿ ಎರಡು ಮೂರು ಕಣ್ಣು ಬಿಟ್ಟು ಉಳಿದದ್ದೆಲ್ಲ ಹೋಗಲಿ. ಬೆಳೆದ ಹತ್ತರಲ್ಲಿ ಎಂಟು ಪಾಲು ನೆಲಕ್ಕೆ ಬೀಳುತ್ತದೆ, ಹೆದರಬೇಡಿ. ನಾನು ಹೆದರಿ ಬರೀ ತುದಿ ಕತ್ತರಿಸಿ ಒಂದು ವರ್ಷ ಕಳೆದುಕೊಂಡೆ. ಒಂದು ಎಚ್ಚರ: ಥಾಮ್ಸನ್ ಸೀಡ್‌ಲೆಸ್‌ನಂಥ ತಳಿಗೆ ಬುಡದ ಕಣ್ಣುಗಳಲ್ಲಿ ಫಲ ಕಡಿಮೆ, ಅದಕ್ಕೆ ಕಡ್ಡಿ ಉದ್ದ ಬಿಡಬೇಕು, ಎಂಟು ಹತ್ತು ಕಣ್ಣಾದರೂ ಇರಲಿ.

ಯಾವಾಗ? ಚಳಿಗೆ ಎಲೆ ಉದುರುವ ಕಡೆ, ಬಳ್ಳಿ ಬೋಳಾಗಿ ಮಲಗಿರುವಾಗ. ಎಲೆ ಉದುರದ ಬೆಚ್ಚಗಿನ ಕಡೆ ವರ್ಷಕ್ಕೆ ಎರಡು ಸಲ: ಒಂದು ಹೊಸ ಕಡ್ಡಿ ಬೆಳೆಸಲು, ಇನ್ನೊಂದು ಆ ಕಡ್ಡಿ ಬಲಿತ ಮೇಲೆ ಹಣ್ಣಿಗಾಗಿ. ಚಿಗುರುವ ಹೊತ್ತಿಗೆ ಸವರಿದರೆ ಗಾಯದಿಂದ ನೀರು ತೊಟ್ಟಿಕ್ಕುತ್ತದೆ. ಮೊದಲ ಸಲ ನೋಡಿ ಗಾಬರಿಯಾಗಿ ಮೇಣ ಮೆತ್ತಿದ್ದೆ, ಈಗ ನಗು ಬರುತ್ತದೆ. ತಾನೇ ನಿಲ್ಲುತ್ತದೆ.

ನೀರು ಬುಡಕ್ಕೆ ಹಾಕಿ, ಎಲೆಗಲ್ಲ, ನಿಲ್ಲಲು ಬಿಡಬೇಡಿ. ಎಲೆಯ ಮೇಲೆ ಬೂದಿ ಚೆಲ್ಲಿದಂತಿದ್ದರೆ ಬೂದಿ ರೋಗ, ಗಂಧಕ ಕೇಳುತ್ತದೆ. ಮೇಲೆ ಎಣ್ಣೆ ಕಲೆ, ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಅದು ಬೇರೆಯೇ, ಕೇದಿಗೆ ರೋಗ. ಅದಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಎರಡನ್ನೂ ಒಂದೇ ಅಂದುಕೊಂಡು ಗಂಧಕವನ್ನೇ ಹೊಡೆಯುತ್ತಾ ಕೂರಬೇಡಿ. ಗೊಂಚಲಿನ ಸುತ್ತಲಿನ ನಾಲ್ಕಾರು ಎಲೆ ಕಿತ್ತು ಗಾಳಿ ಆಡಿಸಿದರೆ ಎರಡರ ಕಾಟವೂ ಕಡಿಮೆಯಾಗುತ್ತದೆ.

ಅಂದಹಾಗೆ, ಬಳ್ಳಿ ಕಡ್ಡಿಯಿಂದ ಬಂದದ್ದೋ ಬೀಜದಿಂದಲೋ ನೀವು ಬರೆದಿಲ್ಲ. ಬೀಜದ್ದಾದರೆ ತಾಯಿಯ ಗುಣ ಬರುತ್ತದೆ ಎಂದು ನಂಬಿ ಕೂರಬೇಡಿ. ಒಳ್ಳೆಯ ಬಳ್ಳಿಯಿಂದ ಪೆನ್ಸಿಲ್ ದಪ್ಪದ, ನಾಲ್ಕು ಕಣ್ಣಿನ ಕಡ್ಡಿ ತಂದು ಪಕ್ಕದಲ್ಲೇ ನೆಟ್ಟುಬಿಡಿ.

ಗೊಂಚಲು ಬಂದಾಗ ಬಣ್ಣ ನೋಡಿ ಕೊಯ್ಯಬೇಡಿ. ಮಾವಿನ ಹಾಗೆ ಇಟ್ಟು ಹಣ್ಣು ಮಾಡಲು ಇದಕ್ಕೆ ಆಗುವುದಿಲ್ಲ. ಸಾಮಾನ್ಯವಾಗಿ ಕೆಳತುದಿಯ ಹಣ್ಣೇ ಕೊನೆಗೆ ಮಾಗುವುದು, ಅದನ್ನೇ ಒಂದು ಬಾಯಿಗೆ ಹಾಕಿ ನೋಡಿ.